ಲಾಡ್ಜ್ ಮೀಮಾಂಸೆ: ಬೆಂಗಳೂರಿಗೆ ಎರಡು ದಿನದ ಮಟ್ಟಿಗೆ ಬರುವವರ ವಸತಿ ನಿರ್ಣಯ

ಗ್ರಂಥ ಶುರುವಾಗುವ ಮೊದಲು ಅದನ್ನು ಓದಲು ಅಧಿಕಾರಿ ಯಾರೆಂದು ಹೇಳಿಬಿಡುವುದು ನಮ್ಮ ಶಾಸ್ತ್ರಕಾರರ ಪದ್ಧತಿ. ಬೀದರ್, ಹಾವೇರಿ, ಸಿರಸಿ, ಕುಂದಾಪುರ ಮುಂತಾದ ಕಡೆಗಳಿಂದ ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯುವವನು. ಒಂದೋ ಎರಡೋ ರಾತ್ರಿ ತಂಗಿ ಕೆಲಸ ಮುಗಿಸಿ ಮರಳುವವನು. ಬಾಡಿಗೆಯನ್ನು ಸ್ವಂತ ಜೇಬಿನಿಂದ ಕೊಡುವವನು. ಈ ಮೂರೂ ಲಕ್ಷಣ ಕೂಡಿದವನೇ ಅಧಿಕಾರಿ. ಕಂಪನಿ ಖರ್ಚಿನಲ್ಲಿ ಬರುವವನಿಗೆ ಈ ಶಾಸ್ತ್ರ ಬೇಕಿಲ್ಲ, ಅವನಿಗೆ ಬೇಕಾದ್ದು ಬಿಲ್ಲು. ಮದುವೆಗೆ ಬಂದವನೂ ಅನಧಿಕಾರಿ. ಅವನಿಗೆ ಹೆಣ್ಣಿನ ಕಡೆಯವರು ರೂಮು ಮಾಡಿಸಿರುತ್ತಾರೆ, ಅದರಲ್ಲಿ ಆಗಲೇ ಏಳು ಜನ ಮಲಗಿರುತ್ತಾರೆ.

ಇನ್ನು ವಿಷಯ. ರೂಮು ಹತ್ತಿರವೂ ಇರಬೇಕು, ಅಗ್ಗವೂ ಆಗಬೇಕು. ಈ ಎರಡು ಗುಣಗಳು ಒಂದೇ ಆಶ್ರಯದಲ್ಲಿ ಇರಬಲ್ಲವೇ ಎಂಬುದು ಸಂಶಯ. ಇರಬಲ್ಲವು, ಆದರೆ ನಾವು ಹುಡುಕುವ ಕಡೆ ಅಲ್ಲ ಎಂಬುದು ನಮ್ಮ ಸಿದ್ಧಾಂತ. ಅದಕ್ಕೆ ಮೊದಲು ಪರಮತ ಖಂಡನೆಯಾಗಬೇಕು.

ಪರಮತ ಖಂಡನೆ

ಮೊದಲನೆಯದು ಬಂಧುವಾದ. ಪ್ರತಿಪಾದಕರು ಚಿಕ್ಕಮ್ಮಂದಿರು. "ಅಯ್ಯೋ, ನಾವೆಲ್ಲ ಇಲ್ಲಿ ಇರೋವಾಗ ಲಾಡ್ಜಲ್ಲಿ ಇಳ್ಕೊಳ್ಳೋದೇನೋ? ನಿಮ್ಮಮ್ಮ ಏನಂದ್ಕೋತಾಳೆ?" ಎಂಬುದು ಅವರ ಮೂಲ ವಾಕ್ಯ. ಇಲ್ಲಿ ಬಾಡಿಗೆ ಸೊನ್ನೆ ಎಂಬುದೇ ಹೇತು. ಆದರೆ ಈ ಹೇತು ದುಷ್ಟ. ನೆಂಟರ ಮನೆಗೆ ಬರಿಗೈಲಿ ಹೋಗುವಂತಿಲ್ಲ, ಒಂದು ಕೆ.ಜಿ. ಸಿಹಿ, ಒಂದು ಚೀಲ ಹಣ್ಣು, ಮಗುವಿದ್ದರೆ ಹೊರಡುವಾಗ ಅದರ ಕೈಗೊಂದು ನೋಟು. ಮನೆ ಇರುವುದು ವಿದ್ಯಾರಣ್ಯಪುರದಲ್ಲಿ, ನಿಮ್ಮ ಕೆಲಸ ಜಯನಗರದಲ್ಲಿ. "ಮೆಟ್ರೋ ಹತ್ತಿರಾನೇ ಕಣೋ" ಎನ್ನುತ್ತಾರೆ. ಆ ಹತ್ತಿರಕ್ಕೆ ಹೋಗಲು ಒಂದು ಆಟೋ ಬೇಕು. ಬೆಳಿಗ್ಗೆ ಸ್ಕೂಲ್ ವ್ಯಾನು ಬರುವ ತನಕ ಬಚ್ಚಲು ನಿಮಗಿಲ್ಲ. ಸಂಜೆ ಆಸ್ಪತ್ರೆಯಿಂದಲೋ ಕೋರ್ಟಿನಿಂದಲೋ ಸುಸ್ತಾಗಿ ಬಂದರೆ, ಅಳಿಯಂದಿರು ವೈಟ್‌ಫೀಲ್ಡಿನಲ್ಲಿ ತಗೊಂಡ ಹೊಸ ಫ್ಲ್ಯಾಟನ್ನು ನೋಡಿಕೊಂಡು ಬರುವ ಕಾರ್ಯಕ್ರಮ ಕಾದಿರುತ್ತದೆ. ಇಷ್ಟನ್ನೂ ಕೂಡಿದರೆ ಬಂಧುವಾದವೇ ಎಲ್ಲಕ್ಕಿಂತ ದುಬಾರಿ ಎಂದು ಸಾಬೀತಾಗುತ್ತದೆ. ಲಾಡ್ಜಿನಲ್ಲಿ ಇಳಿದ ಸುದ್ದಿ ಆಮೇಲೆ ಗೊತ್ತಾದರೆ ಏನಾಗುತ್ತದೆ ಎಂಬುದು ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.

ಎರಡನೆಯದು ಶಾಸಕವಾದ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಅನುಯಾಯಿಗಳು ಹೆಚ್ಚು. ವಿಧಾನಸೌಧಕ್ಕೆ ಸಮೀಪದಲ್ಲೇ ಶಾಸಕರ ಭವನವಿದೆ. ಅಲ್ಲಿ ನಮ್ಮ ಸಾಹೇಬರ ರೂಮಿದೆ. ಸಾಹೇಬರು ಎಲ್ಲಿದ್ದರೂ ರೂಮು ಅಲ್ಲೇ ಇರುತ್ತದೆ. ಜಾಗ ಊರ ನಡುವೆ, ದರ ಶೂನ್ಯ. ತರ್ಕದ ಪ್ರಕಾರ ಗ್ರಂಥ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಈ ತರ್ಕ ತಾಲ್ಲೂಕಿನ ಎಲ್ಲರಿಗೂ ಏಕಕಾಲಕ್ಕೆ ಹೊಳೆಯುತ್ತದೆ. ಮಂಚದ ಮೇಲೆ ಮಾಜಿ ಅಧ್ಯಕ್ಷರು, ಕೆಳಗೆ ಹಾಲಿ ಸದಸ್ಯರು, ಬಾಗಿಲ ಬಳಿ ವರ್ಗಾವಣೆಗೆ ಓಡಾಡುವ ಮೇಷ್ಟ್ರು, ಉಳಿದ ಚಾಪೆಯಷ್ಟು ಜಾಗದಲ್ಲಿ ನೀವು. ರಾತ್ರಿ ಒಂದರ ತನಕ ಟಿಕೆಟ್ ಯಾರಿಗೆ ಎಂಬ ಚರ್ಚೆ. ಅಲ್ಲದೆ ಈ ವಸತಿ ಐದು ವರ್ಷಕ್ಕೊಮ್ಮೆ ಮತದಾರರ ತೀರ್ಪಿಗೆ ಒಳಪಡುತ್ತದೆ. ಕಳೆದ ಸಲ ನೀವು ಯಾರ ಪೆಂಡಾಲಿನಲ್ಲಿ ಕುಳಿತಿದ್ದಿರಿ ಎಂಬುದು ಪಿ.ಎ.ಗೆ ಚೆನ್ನಾಗಿ ನೆನಪಿರುತ್ತದೆ.

ಮೂರನೆಯದು ಪಿ.ಜಿ.ವಾದ, ಅಂದರೆ ತಮ್ಮನ ಗೆಳೆಯನ ರೂಮಿನಲ್ಲಿ ಮಲಗುವುದು. ಓನರ್ ಆಂಟಿ ನೋಡುವ ತನಕ ಇದು ಸರಿ.

ಛತ್ರಗಳ ಕಾಲದಲ್ಲಿ ಈ ಕಷ್ಟ ಇರಲಿಲ್ಲ. ಊರಿಂದ ಬಂದವರು ತಂಗಲೆಂದು ಗುಬ್ಬಿ ತೋಟದಪ್ಪನವರು ರೈಲ್ವೆ ಸ್ಟೇಷನ್ ಹತ್ತಿರವೇ ಛತ್ರ ಕಟ್ಟಿಸಿದರು. ಜಾಗದ ಆಯ್ಕೆ ಎಂಬ ಶಾಸ್ತ್ರವನ್ನು ಅವರಷ್ಟು ಸ್ಪಷ್ಟವಾಗಿ ತಿಳಿದವರು ಕಡಿಮೆ. ದಣಿದವನು ಎಲ್ಲಿ ಇಳಿಯುತ್ತಾನೋ ಅಲ್ಲೇ ನೆರಳು. ಬ್ರಿಟಿಷರೂ 1867ರಲ್ಲಿ ಸರಾಯ್ ಕಾಯ್ದೆ ಮಾಡಿ ತಂಗುದಾಣಗಳನ್ನು ದಫ್ತರಕ್ಕೆ ಸೇರಿಸಿದರು. ತಂಗುವವನ ಹೆಸರು ಬರೆದುಕೊಳ್ಳುವ ಚಟ ಸರ್ಕಾರಗಳಿಗೆ ಇಂದು ನಿನ್ನೆಯದಲ್ಲ.

ಕ್ಷೇತ್ರ ನಿರ್ಣಯ

ಪ್ರಾಚೀನರ ಮತದಲ್ಲಿ ಬೆಂಗಳೂರು ಎಂದರೆ ಮೆಜೆಸ್ಟಿಕ್. ಬಸ್ಸು ಇಳಿಯುವುದು ಅಲ್ಲಿ, ಹತ್ತುವುದು ಅಲ್ಲಿ, ನಡುವೆ ಇರುವುದೆಲ್ಲ ಮಾಯೆ. ಈ ಕ್ಷೇತ್ರದ ಮೂಲವೇ ಅದ್ಭುತ. ಒಂದು ಕಾಲದಲ್ಲಿ ಇಲ್ಲಿ ಧರ್ಮಾಂಬುಧಿ ಕೆರೆ ಇತ್ತು. ಈಗ ಆ ಕೆರೆಯಂಗಳದಲ್ಲಿ ಬಸ್ಸುಗಳು ನಿಲ್ಲುತ್ತವೆ, ಏರಿಯ ನೆನಪಿಗೆ ಟ್ಯಾಂಕ್ ಬಂಡ್ ರಸ್ತೆ ಉಳಿದಿದೆ. ಹೆಸರು ಕೊಟ್ಟ ಮೆಜೆಸ್ಟಿಕ್ ಟಾಕೀಸೂ ಇಲ್ಲ. ಗಾಂಧಿನಗರದ ವಿಳಾಸ ಹೇಳುವವರು ಇವತ್ತಿಗೂ "ಕಪಾಲಿ ಹಿಂದ್ಗಡೆ, ಅಲಂಕಾರ್ ಪಕ್ಕ" ಎನ್ನುತ್ತಾರೆ. ಆ ಟಾಕೀಸುಗಳೂ ಇಲ್ಲ. ಹೀಗೆ ಇಲ್ಲದ ಕೆರೆಯ ದಡದಲ್ಲಿ, ಇಲ್ಲದ ಟಾಕೀಸಿನ ಹಿಂದೆ ಲಾಡ್ಜ್ ಇದೆ ಎಂದು ನಂಬಿ ಸೂಟ್‌ಕೇಸ್ ಎಳೆದುಕೊಂಡು ಹೋಗುವವನ ಶ್ರದ್ಧೆಯನ್ನು ವೇದಾಂತಿಗಳು ಗಮನಿಸಬೇಕು. ಆಶ್ಚರ್ಯವೆಂದರೆ ಲಾಡ್ಜ್ ಇರುತ್ತದೆ.

ನವ್ಯರು ಇದನ್ನು ಒಪ್ಪುವುದಿಲ್ಲ. ಯಾವುದಕ್ಕೆ ಹತ್ತಿರ ಎಂಬುದು ಅವರ ಆಕ್ಷೇಪ, ಮತ್ತು ಅದು ಸರಿಯಾದ ಆಕ್ಷೇಪ. "ಸ್ಟೇಷನ್‌ಗೆ ಹತ್ತಿರ" ಎಂದು ಬೋರ್ಡಿನಲ್ಲಿ ಬರೆದಿದ್ದರೆ ಅದು ಸಂಗೊಳ್ಳಿ ರಾಯಣ್ಣ ನಿಲ್ದಾಣವೋ, ಯಶವಂತಪುರವೋ, ಕಂಟೋನ್ಮೆಂಟೋ, 2022ರಲ್ಲಿ ಬೈಯಪ್ಪನಹಳ್ಳಿಯಲ್ಲಿ ಶುರುವಾದ ವಿಶ್ವೇಶ್ವರಯ್ಯ ಟರ್ಮಿನಲ್ಲೋ? "ಏರ್‌ಪೋರ್ಟಿಗೆ ಹತ್ತಿರ" ಎಂದರೆ ಇನ್ನೂ ಅಪಾಯ. ಏರ್‌ಪೋರ್ಟ್ 2008ರಿಂದ ದೇವನಹಳ್ಳಿಯಲ್ಲಿದೆ, ಊರ ನಡುವಿನಿಂದ ಸುಮಾರು 35 ಕಿ.ಮೀ. ಅದಕ್ಕೆ ಹತ್ತಿರ ಇರುವುದು ಬೆಂಗಳೂರಿಗೆ ದೂರ ಇರಲೇಬೇಕು. ಇದಕ್ಕೆ ಬೇರೆ ಪ್ರಮಾಣ ಬೇಡ. ಭೂಪಟದಲ್ಲಿ ನೇರ ಗೆರೆ ಎಳೆದು 500 ಮೀಟರ್ ಎನ್ನುವ ಲಾಡ್ಜುಗಳೂ ಉಂಟು. ನಡುವೆ ರೈಲು ಹಳಿಗಳಿವೆ. ಲಾಡ್ಜ್ ಓಕಳಿಪುರದ ಕಡೆ, ನೀವು ಮೆಜೆಸ್ಟಿಕ್ ಕಡೆ. ಕಾಗೆಗೆ 500 ಮೀಟರ್ ನಿಜ.

ಈಗ ಗಣಿತ. 2025ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿ ಆಟೋ ಮೀಟರ್ ಮೊದಲ ಎರಡು ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಕೆಲಸದ ಜಾಗದಿಂದ 14 ಕಿ.ಮೀ. ಆಚೆ ನಾಲ್ಕು ನೂರು ರೂಪಾಯಿ ಅಗ್ಗದ ರೂಮು ಸಿಕ್ಕಿತೆನ್ನಿ. ಹೋಗಲು 252, ಬರಲು 252. ಒಟ್ಟು 504. ಉಳಿಸಿದ ನಾನೂರು ಕರಗಿ, ಮೇಲೆ ನೂರಾ ನಾಲ್ಕು ಕೈಯಿಂದ ಹೋಯಿತು. ಮೀಟರ್ ಹಾಕುವ ಆಟೋ ಸಿಕ್ಕಿತು ಎಂಬುದನ್ನು ಇಲ್ಲಿ ಕೇವಲ ವಾದಕ್ಕಾಗಿ ಒಪ್ಪಿಕೊಳ್ಳಲಾಗಿದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ನಿಂತ ಹೊತ್ತಿಗೆ ಬೆಲೆ ಕಟ್ಟುವ ವಿಧಾನ ನಮ್ಮ ಗಣಿತದಲ್ಲಿಲ್ಲ.

ಆದ್ದರಿಂದ ಸಿದ್ಧಾಂತ ಇಷ್ಟು: ಕೆಲಸ ಎಲ್ಲಿದೆಯೋ ಅಲ್ಲೇ ರೂಮು, ಅಲ್ಲಿ ಸಿಗದಿದ್ದರೆ ಮೆಟ್ರೋ ಮೆಟ್ಟಿಲಿನ ಬುಡದಲ್ಲಿ ರೂಮು. ನಡೆದೇ ಹೋಗುವಷ್ಟು ಬುಡದಲ್ಲಿ. ಹೈಕೋರ್ಟೂ ವಿಧಾನಸೌಧವೂ ಎದುರುಬದುರು, ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದಲ್ಲಿ ಎರಡನೇ ಸ್ಟೇಷನ್. ಈ ಕೆಲಸದವರು ಪ್ರಾಚೀನರ ಮತವನ್ನೇ ಅನುಸರಿಸಬಹುದು. ಜಯದೇವ ಆಸ್ಪತ್ರೆಗೆ ಹೋಗುವವರು ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಹೋಗಿ, 2025ರಲ್ಲಿ ಶುರುವಾದ ಹಳದಿ ಮಾರ್ಗ ಹಿಡಿದು ಎರಡನೇ ಸ್ಟೇಷನ್ನಿನಲ್ಲಿ ಇಳಿಯಬೇಕು; ಅವರಿಗೆ ಜಯನಗರದ ಕಡೆ ರೂಮು ಮಾಡುವುದೇ ವಾಸಿ, ಇನ್ನೂರು ಹೆಚ್ಚಾದರೂ. ರೋಗಿ ಜೊತೆಗಿದ್ದರೆ ಈ ಇನ್ನೂರಕ್ಕೆ ಚೌಕಾಸಿ ಮಾಡುವುದು ಶಾಸ್ತ್ರಬಾಹಿರ. ಚಿಕ್ಕಪೇಟೆಗೆ ಸೀರೆ ತೆಗೆಯಲು ಬಂದವರಿಗೆ ಚಿಕ್ಕಪೇಟೆಯಲ್ಲೇ ಸ್ಟೇಷನ್ ಇದೆ. ಹೊರಡುವಾಗ ಎಷ್ಟು ಚೀಲ ಇರುತ್ತವೆ ಎಂಬುದನ್ನು ಮಾತ್ರ ಮೊದಲೇ ಊಹಿಸಿಕೊಳ್ಳಬೇಕು. ಮೆಟ್ರೋ ಟಿಕೆಟ್ ದುಬಾರಿಯಾಯಿತು ಎಂಬ ಗೊಣಗಾಟ ನ್ಯಾಯವೇ, ಆದರೆ 2025ರ ಫೆಬ್ರವರಿಯ ಏರಿಕೆಯಲ್ಲೂ ಗರಿಷ್ಠ ದರ 90 ರೂಪಾಯಿಗೆ ನಿಂತಿತು. ಆಟೋದವರ ಬಾಯಲ್ಲಿ ಅದು ಮಾತು ಶುರುವಾಗುವ ದರ.

ಪ್ರಮಾಣ ವಿಚಾರ

ರೂಮು ಚೆನ್ನಾಗಿದೆ ಎಂದು ತಿಳಿಯುವುದು ಹೇಗೆ? ಮೊಬೈಲಿನ ಫೋಟೋ ಪ್ರಮಾಣವಲ್ಲ. ಅಗಲದ ಲೆನ್ಸಿನಲ್ಲಿ ಮೂಲೆಗೆ ಅಂಟಿಕೊಂಡು ತೆಗೆದ ಚಿತ್ರದಲ್ಲಿ ಬಚ್ಚಲೂ ಸಭಾಂಗಣದಂತೆ ಕಾಣುತ್ತದೆ. ಆಟೋದವನ ಮಾತು ಶಬ್ದಪ್ರಮಾಣವೇ? "ಬನ್ನಿ ಸಾರ್, ಒಳ್ಳೆ ಲಾಡ್ಜ್ ಇದೆ, ಫ್ಯಾಮಿಲಿ ಎಲ್ಲ ಬರ್ತಾರೆ." ಶಬ್ದ ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕು, ಅಂದರೆ ಅದರಲ್ಲಿ ಅವನಿಗೆ ಲಾಭ ಇರಬಾರದು. ಕರೆದುಕೊಂಡು ಹೋದರೆ ಕಮಿಷನ್ ಇರುವ ಕಡೆ ಆಪ್ತತ್ವ ಬಾಧಿತ. ಲಾಡ್ಜಿನ ಕೆಳಗಿನ ಟೀ ಅಂಗಡಿಯವನು ಮಾತ್ರ ನಿಜವಾದ ಆಪ್ತ. ರೂಮಿನಲ್ಲಿ ನಿದ್ದೆ ಬಂದರೂ ಬರದಿದ್ದರೂ ಬೆಳಿಗ್ಗೆ ನೀವು ಕುಡಿಯುವುದು ಅವನ ಟೀಯನ್ನೇ.

ಉಳಿದದ್ದು ಪ್ರತ್ಯಕ್ಷ. ದುಡ್ಡು ಕೊಡುವ ಮೊದಲು "ರೂಮ್ ತೋರಿಸಿ" ಎನ್ನಬೇಕು. ಇದನ್ನು ಕೇಳಲು ನಾಚುವವರೇ ಹೆಚ್ಚು. ಕೌಂಟರಿನವನು ಬೀಗದ ಕೈಯನ್ನು ಹುಡುಗನ ಕಡೆ ಎಸೆಯುತ್ತಾನೆ; ಅದಕ್ಕೆ ನೇತುಹಾಕಿದ ಹಿತ್ತಾಳೆ ಬಿಲ್ಲೆ ಜೇಬಿಗೆ ಹಾಕಿಕೊಂಡರೆ ಪ್ಯಾಂಟು ಜಾರುವಷ್ಟು ಭಾರ. ಲಿಫ್ಟ್ "ಈಗ ರಿಪೇರಿ". ಮೂರನೇ ಮಹಡಿ. ಹುಡುಗ ಬಾಗಿಲು ತೆಗೆದವನೇ ಹನ್ನೆರಡು ಸ್ವಿಚ್ಚುಗಳನ್ನೂ ಒಮ್ಮೆಗೇ ಒತ್ತುತ್ತಾನೆ. ಫ್ಯಾನು ತಿರುಗುತ್ತದೆ, ಟ್ಯೂಬ್‌ಲೈಟು ಯೋಚಿಸುತ್ತದೆ, ಉಳಿದ ಹತ್ತಕ್ಕೆ ಏನು ಕೆಲಸ ಎಂಬುದು ಬ್ರಹ್ಮನಿಗೂ ತಿಳಿಯದು. ಪರದೆ ಸರಿಸಿ ನೋಡಬೇಕು, ಕಿಟಕಿ ಇರುತ್ತದೆ. ಕಿಟಕಿ ತೆರೆದು ನೋಡಬೇಕು, ಗೋಡೆ ಇರುತ್ತದೆ. ಗೋಡೆಗೂ ಕಿಟಕಿಗೂ ನಡುವೆ ಪೈಪು ಇಳಿಯುವಷ್ಟು ಸಂದು, ಅದರಲ್ಲಿ ಕೆಳಗಿನ ಹೋಟೆಲಿನ ಒಗ್ಗರಣೆ ವಾಸನೆ ಮೇಲಕ್ಕೆ ಬರುತ್ತಿರುತ್ತದೆ. ಬೆಳಿಗ್ಗೆ ಅಲಾರಂ ಬೇಡ ಎಂಬುದು ಇದರ ಗುಣಪಕ್ಷ.

"ಬಿಸಿನೀರು ಬರುತ್ತೇನಪ್ಪಾ?"

"ಬರುತ್ತೆ ಸಾರ್. ಆರರಿಂದ ಎಂಟು. ಸ್ವಲ್ಪ ಹೊತ್ತು ಬಿಡಬೇಕು."

"ಎಷ್ಟು ಹೊತ್ತು?"

"ಬರೋವರೆಗೂ ಸಾರ್."

ಪ್ರತ್ಯಕ್ಷಕ್ಕೆ ನಿಲುಕದ್ದನ್ನು ಅನುಮಾನದಿಂದ ಗ್ರಹಿಸಬೇಕು. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆಯೆಂದು ಊಹಿಸುವುದನ್ನು ನೈಯಾಯಿಕರು ಕಲಿಸಿದ್ದಾರೆ. ಲಾಡ್ಜಿನಲ್ಲಿ ಊದುಬತ್ತಿಯ ಹೊಗೆ ಗಾಢವಾಗಿದ್ದರೆ ಗೋಡೆಯಲ್ಲಿ ತೇವ ಇದೆಯೆಂದು ಊಹಿಸಬೇಕು. ಹಾಸಿಗೆಯ ಮೇಲೆ ಬಿಳಿ ಬೆಡ್‌ಶೀಟಿನ ಬದಲು ದೊಡ್ಡ ದೊಡ್ಡ ಹೂಗಳಿರುವ ಕಂದು ಬೆಡ್‌ಶೀಟ್ ಹಾಸಿದ್ದರೆ, ಆ ಹೂಗಳಲ್ಲಿ ಕೆಲವು ನೇಯುವಾಗ ಬಂದವಲ್ಲ ಎಂದು ತಿಳಿಯಬೇಕು. ಬಾಗಿಲ ಚಿಲಕ ಹೊಸದಾಗಿದ್ದರೆ ಹಳೆಯದಕ್ಕೆ ಏನಾಯಿತು ಎಂದು ಕೇಳಬೇಕು. ಹೆಂಗಸರು ಒಬ್ಬರೇ ಬಂದಿದ್ದರೆ ಊಹೆ ಬಿಟ್ಟು ಚಿಲಕವನ್ನು ಸ್ವತಃ ಹಾಕಿ ತೆಗೆದು ನೋಡಬೇಕು. ಈ ಒಂದು ವಾಕ್ಯದಲ್ಲಿ ಅಣಕವಿಲ್ಲ.

ಕಾಲ ಮತ್ತು ಕರ

ಕಾಲಗಣನೆಯಲ್ಲಿ ಲಾಡ್ಜುಗಳದ್ದು ಎರಡು ಸಂಪ್ರದಾಯ. ಒಂದರಲ್ಲಿ ನೀವು ಬಂದ ಗಳಿಗೆಯಿಂದ ಇಪ್ಪತ್ತನಾಲ್ಕು ಗಂಟೆ ಒಂದು ದಿನ. ಇನ್ನೊಂದರಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ದಿನ ಮುಗಿಯುತ್ತದೆ, ಸೂರ್ಯನೂ ಅದನ್ನು ಪಾಲಿಸಬೇಕು. ರಾತ್ರಿ ಬಸ್ಸಿನವನು ಬೆಳಗಿನ ಐದಕ್ಕೆ ಎರಡನೇ ಸಂಪ್ರದಾಯದ ಲಾಡ್ಜ್ ಹೊಕ್ಕರೆ, ಏಳು ಗಂಟೆಗಳ ವಾಸಕ್ಕೆ ಒಂದು ದಿನದ ಬಾಡಿಗೆ ತೆತ್ತು, ಹನ್ನೆರಡರಿಂದ ಮತ್ತೊಂದನ್ನು ಶುರು ಮಾಡಬೇಕು. ನಮ್ಮ ಅಧಿಕಾರಿಗೆ ಬಾಡಿಗೆ ಎಷ್ಟು ಎಂಬುದಕ್ಕಿಂತ "ಟ್ವೆಂಟಿಫೋರ್ ಅವರ್ಸಾ?" ಎಂಬ ಪ್ರಶ್ನೆಯೇ ಮುಖ್ಯ. ಮುಖ ತೊಳೆದು ಬಟ್ಟೆ ಬದಲಾಯಿಸಿದರೆ ಸಾಕೆನ್ನುವವನು, ರೈಲಿನಲ್ಲಿ ಬಂದವನಾದರೆ, ಪಿ.ಎನ್.ಆರ್. ತೋರಿಸಿ ರಿಟೈರಿಂಗ್ ರೂಮನ್ನೋ ಡಾರ್ಮಿಟರಿಯನ್ನೋ ಕೇಳಬಹುದು. ಭಾನುವಾರ ಇಳಿಯುವವನಿಗೆ ಇನ್ನೊಂದು ಎಚ್ಚರಿಕೆ: ಅಂದು ಮೆಟ್ರೋ ಏಳುವುದೇ ಏಳಕ್ಕೆ.

ಕರದ ವಿಚಾರ ಚಿಕ್ಕದು. ದಿನಕ್ಕೆ ಸಾವಿರದವರೆಗಿನ ರೂಮಿಗೆ 2022ರ ಜುಲೈವರೆಗೆ ಜಿ.ಎಸ್.ಟಿ. ಇರಲಿಲ್ಲ, ಆಮೇಲೆ ಶೇ 12 ಬಂತು, 2025ರ ಸೆಪ್ಟೆಂಬರ್ 22ರಿಂದ ಶೇ 5. ಬೋರ್ಡಿನ ಮೇಲಿನ 999 ಮಾತ್ರ ಈ ಎಲ್ಲ ಯುಗಗಳಲ್ಲೂ 999. "ಬಿಲ್ ಬೇಕಾ ಸಾರ್?" ಎಂದು ಕೌಂಟರಿನವನು ಕೇಳುವ ಧ್ವನಿಯಲ್ಲೇ ಉತ್ತರವೂ ಇರುತ್ತದೆ.

ಅಪವಾದ ಪ್ರಕರಣ

ಮೇಲಿನ ಪ್ರಕರಣಗಳೆಲ್ಲ ರೂಮು ಖಾಲಿ ಇದೆ ಎಂಬ ಊಹೆಯ ಮೇಲೆ ನಿಂತಿವೆ. ಕೆ.ಪಿ.ಎಸ್.ಸಿ. ಪರೀಕ್ಷೆಯ ಹಿಂದಿನ ಶನಿವಾರ, ಲಗ್ನದ ತಿಂಗಳುಗಳಲ್ಲಿ, ಮೂರು ದಿನ ರಜೆ ಕೂಡಿ ಬಂದಾಗ ಈ ಊಹೆ ನಿಲ್ಲುವುದಿಲ್ಲ. ಅಂಥ ಒಂದು ಮುಂಜಾವ, ಈ ಶಾಸ್ತ್ರವನ್ನು ಚೆನ್ನಾಗಿ ಅಭ್ಯಾಸ ಮಾಡಿದ ವಿದ್ವಾಂಸನೊಬ್ಬ ಗಾಂಧಿನಗರದ ಲಾಡ್ಜೊಂದರ ಕೌಂಟರಿಗೆ ಬಂದನೆನ್ನಿ.

"ರೂಮ್ ಇಲ್ಲ ಸಾರ್. ಡಾರ್ಮಿಟರೀಲಿ ಒಂದೇ ಒಂದು ಕಾಟ್ ಇದೆ. ಬೇಗ ಹೇಳಿ."

ವಿದ್ವಾಂಸ ಕನ್ನಡಕ ಸರಿ ಮಾಡಿಕೊಂಡು, "ಟ್ವೆಂಟಿಫೋರ್ ಅವರ್ಸಾ? ಒಮ್ಮೆ ನೋಡಬಹುದಾ? ಕಿಟಕಿ ಯಾವ ಕಡೆಗೆ?" ಎಂದು ಕ್ರಮವಾಗಿ ಕೇಳತೊಡಗಿದ. ಮೂರನೇ ಪ್ರಶ್ನೆ ಮುಗಿಯುವುದರೊಳಗೆ, ಹಿಂದೆ ನಿಂತಿದ್ದ ಹುಡುಗ ಅವನ ಭುಜದ ಮೇಲಿಂದ ಕೈ ಚಾಚಿ ಕೌಂಟರಿನ ಮೇಲೆ ಆಧಾರ್ ಜೆರಾಕ್ಸ್ ಇಟ್ಟ.