ನಮ್ಮ ಸೈಡಿಂದ ಓಕೆ ಸಾರ್

ನಾಲ್ಕು ಕಂಪ್ಯೂಟರ್ ಒಂದು ಸೂರಿನಡಿ ಸೇರಿದ ಕಡೆಗೆಲ್ಲ ಅವನು ಬಂದೇ ಬರುತ್ತಾನೆ. ಬೆನ್ನಿಗೆ ಕಪ್ಪು ಬ್ಯಾಗು, ಕುತ್ತಿಗೆಯಲ್ಲಿ ಬಿಟ್ಟುಬಂದ ಯಾವುದೋ ಕಂಪನಿಯ ಟ್ಯಾಗು, ಪ್ಯಾಂಟಿನ ಹಿಂಜೇಬಿನಲ್ಲಿ ಕ್ರಿಂಪಿಂಗ್ ಟೂಲು. ಮೊದಲ ಪ್ರಶ್ನೆ, "ರೀಸ್ಟಾರ್ಟ್ ಮಾಡಿದ್ರಾ ಸಾರ್?" ಹೊರಡುವಾಗಿನ ಮಾತು, "ನಮ್ಮ ಸೈಡಿಂದ ಓಕೆ ಸಾರ್." ಇವೆರಡರ ನಡುವೆ ಅವನು ಏನು ಮಾಡಿದ ಎಂದು ಕೇಳಿದರೆ ಹೇಳಬಲ್ಲವರು ಆ ಕಚೇರಿಯಲ್ಲಿ ಒಬ್ಬರೂ ಸಿಗುವುದಿಲ್ಲ. ಅವನನ್ನು ಸಿಸ್ಟಮ್ ಹುಡುಗ ಅನ್ನುತ್ತಾರೆ. ತಲೆ ನರೆತರೂ ಹುಡುಗನೇ.

ನಮ್ಮ ಪಾಲಿಗೆ ಬಂದವನಿಗೆ ಗೋದಾಮಿನ ಹುಡುಗರು ಪಿಂಗಣ್ಣ ಎಂದು ನಾಮಕರಣ ಮಾಡಿದ್ದರು. ಯಾವ ಯಂತ್ರ ಕೆಟ್ಟರೂ ಅವನು "ಪಿಂಗ್ ಆಗ್ತಿದ್ಯಾ ನೋಡಿ" ಅನ್ನುತ್ತಿದ್ದ. ಟೀ ತರಲು ಹೋದವನು ತಡ ಮಾಡಿದರೆ "ಅವನನ್ನ ಒಂದ್ಸಲ ಪಿಂಗ್ ಮಾಡ್ರಪ್ಪ" ಅನ್ನುತ್ತಿದ್ದ. ನೆಲಮಂಗಲದಾಚೆ ತುಮಕೂರು ರಸ್ತೆಯ ಬದಿಯ ಆ ಗೋದಾಮಿನಲ್ಲಿ ಸ್ಟಾಕಿನ ಲೆಕ್ಕ ನನ್ನದು, ಅಲ್ಲಿನ ವಯರುಗಳೆಲ್ಲ ಅವನವು. ನಮ್ಮಿಬ್ಬರನ್ನೂ ಕಟ್ಟಿಹಾಕಿದ್ದು ಬಾರ್‌ಕೋಡ್. 1974ರ ಜೂನ್ 26ರಂದು ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಒಂದು ಚೂಯಿಂಗ್ ಗಮ್ ಪ್ಯಾಕೆಟ್ಟಿನ ಪಟ್ಟೆಗಳನ್ನು ಮೊದಲ ಸಲ ಯಂತ್ರ ಓದಿತಂತೆ. ಅದರ ಫಲವಾಗಿ ಈಗ ನಮ್ಮ ಗೋದಾಮಿನಲ್ಲಿ ಎಣ್ಣೆ ಡಬ್ಬದಿಂದ ಹಿಡಿದು ಪೊರಕೆಯವರೆಗೆ ಯಾವುದೂ ಪಟ್ಟೆಯಿಲ್ಲದೆ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ.

ಪಟ್ಟೆ ಓದುವ ಕೈಯಂತ್ರಕ್ಕೆ ಹುಡುಗರು ಗನ್ ಅನ್ನುತ್ತಾರೆ. ಹಿಡಿ ಹಾಗೇ ಇದೆ, ಕುದುರೆಯೂ ಇದೆ. ಶಿಫ್ಟ್ ಮುಗಿದ ಮೇಲೆ ಗನ್‌ಗಳನ್ನು ತಂದು ನಾಲ್ಕು ಖಾನೆಯ ಡಾಕಿನಲ್ಲಿ ಕೂರಿಸಬೇಕು. ನೋಡಿದವರು ಚಾರ್ಜರ್ ಸ್ಟ್ಯಾಂಡ್ ಅಂದುಕೊಳ್ಳುತ್ತಾರೆ. ಅದಕ್ಕೆ ಕರೆಂಟಿನ ವಯರಿನ ಜೊತೆಗೆ ನೆಟ್‌ವರ್ಕ್ ವಯರೂ ಉಂಟು. ಗನ್ ಕೂತ ತಕ್ಷಣ ಬ್ಯಾಟರಿ ತುಂಬಬೇಕು, ದಿನದ ಲೆಕ್ಕ ಮೇಲಕ್ಕೆ ಹೋಗಬೇಕು, ನಾಳೆಯ ಪಟ್ಟಿ ಕೆಳಕ್ಕೆ ಇಳಿಯಬೇಕು. ವೈಫೈ ಇರುವಾಗ ವಯರೇಕೆ ಎಂದು ನಾನೂ ಕೇಳಿದ್ದೆ. ಪಿಂಗಣ್ಣ ನನ್ನನ್ನು ಕೈಹಿಡಿದು ರ್‍ಯಾಕುಗಳ ನಡುವೆ ಕರೆದೊಯ್ದ. ತಗಡಿನ ಸೂರು, ಕಬ್ಬಿಣದ ರ್‍ಯಾಕು, ಅದರ ತುಂಬ ನೀರಿನ ಬಾಟಲಿಗಳು. "ನೀರು ವೈಫೈ ಕುಡಿದುಬಿಡುತ್ತೆ ಸಾರ್" ಎಂದ. ನನಗೆ ನಗು ಬಂತು. ನಾಲ್ಕು ಹೆಜ್ಜೆ ಒಳಗೆ ಹೋದರೆ ಮೊಬೈಲಿನಲ್ಲಿ ಸಿಗ್ನಲ್ಲಿನ ಗೆರೆಗಳು ಒಂದೊಂದಾಗಿ ಉದುರಿದವು. ನಗು ನಿಂತಿತು.

ಡಾಕ್ ಬಂದ ದಿನ ಅವನು ಹೇಳಿದ್ದು, "ಐದು ನಿಮಿಷದ ಕೆಲಸ ಸಾರ್, ಪ್ಲಗ್ ಅಂಡ್ ಪ್ಲೇ." ಮ್ಯಾನ್ಯುಯಲ್ಲನ್ನು ಥರ್ಮಕೋಲಿನ ಜೊತೆಗೇ ಕಸಕ್ಕೆ ಹಾಕಿದ. ಗೊತ್ತಿಲ್ಲದವರು ಓದುವ ಪುಸ್ತಕವಂತೆ ಅದು. ನಾನು ಗುಟ್ಟಾಗಿ ಎತ್ತಿಟ್ಟುಕೊಂಡೆ. ಅದರಲ್ಲಿ ನನಗೆ ಅರ್ಥವಾಗಿದ್ದು, ಪೆಟ್ಟಿಗೆಯ ಮೇಲೆ ಕೂರಬಾರದು ಎಂಬ ಚಿತ್ರವೊಂದೇ. ಅವನು ವಯರಿನ ತುದಿ ಸುಲಿದು, ಎಂಟು ಎಳೆಗಳನ್ನು ಬೆರಳಿನಲ್ಲಿ ನೀವಿ ನೇರ ಮಾಡಿ, ವೈಟ್ ಆರೆಂಜ್, ಆರೆಂಜ್, ವೈಟ್ ಗ್ರೀನ್, ಬ್ಲೂ, ವೈಟ್ ಬ್ಲೂ, ಗ್ರೀನ್, ವೈಟ್ ಬ್ರೌನ್, ಬ್ರೌನ್ ಎಂದು ತುಟಿಯಲ್ಲೇ ಗುಣುಗುತ್ತ ಜೋಡಿಸಿ ಕಟಕ್ಕೆಂದು ಒತ್ತಿದ. ಆ ಕೈಚಳಕ ನೋಡುವಂಥದ್ದು, ಅದಕ್ಕೆ ನನ್ನ ತಕರಾರಿಲ್ಲ.

ನಾಲ್ಕು ಗನ್ ಕೂತವು. ನಾಲ್ಕರಲ್ಲೂ ಚಾರ್ಜಿಂಗ್ ದೀಪ ಬಂತು. ಮೊದಲೆರಡು ನೆಟ್‌ವರ್ಕ್ ಹಿಡಿದವು. ಉಳಿದೆರಡು ಹಿಡಿಯಲಿಲ್ಲ.

ಪಿಂಗಣ್ಣ ಗನ್‌ನ ಸೆಟ್ಟಿಂಗ್ಸ್ ತೆರೆದು "169.254" ಎಂದು ಓದಿ ತಲೆ ಕೆರೆದುಕೊಂಡ. ನೆಟ್‌ವರ್ಕಿಗೆ ಬಂದ ಯಂತ್ರ ಮೊದಲು ತನಗೊಂದು ನಂಬರ್ ಕೊಡಿ ಎಂದು ಕೂಗುತ್ತದೆ. ಯಾರೂ ಓಗೊಡದಿದ್ದರೆ 169.254ರಿಂದ ಶುರುವಾಗುವ ನಂಬರೊಂದನ್ನು ತಾನೇ ಇಟ್ಟುಕೊಂಡು ಸುಮ್ಮನಾಗುತ್ತದೆ. ಅಂದರೆ ನಂಬರ್ ಹಂಚುವವನ ಹತ್ತಿರ ಹೋಗಿ ನೋಡಬೇಕಿತ್ತು. ಅವನು ಮಿಕ್ಕೆಲ್ಲ ಕಡೆ ಹೋದ. ವಯರನ್ನು ಮತ್ತೆ ಕತ್ತರಿಸಿ ಮತ್ತೆ ಒತ್ತಿದ. ಗನ್‌ನ ಬುಡದ ಚಿನ್ನದ ಬಣ್ಣದ ಪಿನ್ನುಗಳನ್ನು ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದ. ಮೂರನೇ ಖಾನೆಯ ಗನ್ ಕಿತ್ತು ಮೊದಲನೆಯದರಲ್ಲಿ ಕೂರಿಸಿದರೆ ನೆಟ್‌ವರ್ಕ್ ಬಂತು, ಹಾಗಾಗಿ ಖಾನೆಯದೇ ತಪ್ಪು ಎಂದು ತೀರ್ಪು ಕೊಟ್ಟ. ಆಮೇಲೆ ಮಲ್ಟಿಮೀಟರ್ ತೆಗೆದು ನ್ಯೂಟ್ರಲ್ಲಿಗೂ ಅರ್ತಿಗೂ ನಡುವಿನ ವೋಲ್ಟೇಜ್ ನೋಡಿ, "ಅರ್ತಿಂಗ್ ವೀಕು ಸಾರ್, ಪಿಟ್ಟಿಗೆ ನೀರು ಹಾಕಿಸಿ" ಎಂದ. ವಾಚ್‌ಮನ್ ತಾತ ಬಕೆಟ್ ಮೇಲೆ ಬಕೆಟ್ ನೀರು ತಂದು ಕಾಂಪೌಂಡಿನ ಮೂಲೆಯ ಅರ್ತ್ ಗುಂಡಿಗೆ ಸುರಿದ. "ಕಂಪ್ಯೂಟರ್ ಕೆಟ್ರೆ ನೆಲಕ್ಯಾಕಪ್ಪಾ ನೀರು?" ಎಂದು ಅವನು ಕೇಳಿದ್ದು ನ್ಯಾಯವೇ. ಅರ್ತಿಂಗ್ ಸುಧಾರಿಸಿತು, ಅದು ಸುಳ್ಳಲ್ಲ. ಗನ್ ಸುಧಾರಿಸಲಿಲ್ಲ.

ನನ್ನ ಸಹನೆ ಸತ್ತಿದ್ದು ಇದಾದ ಮೇಲೆ ನಡೆದ ಕಾನ್ಫರೆನ್ಸ್ ಕಾಲಿನಲ್ಲಿ. ಹೊರಗೆ ಲಾರಿಗಳು ಸಾಲಾಗಿ ನಿಂತಿವೆ. ಒಳಗೆ ಪಿಂಗಣ್ಣ ಮೊಬೈಲನ್ನು ಸ್ಪೀಕರಿಗೆ ಹಾಕಿ ಡಾಕಿನ ಪಕ್ಕ ಇಟ್ಟ. ಇಂಟರ್ನೆಟ್ ಕೊಡುವವನು ಬಂದ: "ಲಿಂಕ್ ಅಪ್ ಇದೆ, ನಮ್ಮ ಸೈಡಿಂದ ಓಕೆ." ಡಾಕ್ ಮಾರಿದವನು ಬಂದ: "ಚಾರ್ಜ್ ಆಗ್ತಿದೆ ತಾನೆ? ನಮ್ಮ ಸೈಡಿಂದ ಓಕೆ." ಸಾಫ್ಟ್‌ವೇರಿನ ಹುಡುಗಿ ಬಂದಳು: "ಎರಡು ಗನ್‌ನಲ್ಲಿ ಓಡ್ತಿದೆ ಅಂದ್ರೆ ನಮ್ಮ ಸೈಡ್ ಓಕೆ." ಹೆಡ್ ಆಫೀಸಿನ ಫೈರ್‌ವಾಲಿನವರು ಬಹಳ ಹೊತ್ತು ಮ್ಯೂಟಿನಲ್ಲೇ ಮಾತಾಡಿ, ಕೊನೆಗೆ ದನಿ ಬಂದಾಗ "...ಓಕೆ" ಅನ್ನುವುದಷ್ಟೇ ಕೇಳಿಸಿತು. ಪಿಂಗಣ್ಣ ಎಲ್ಲರಿಗಿಂತ ಗಟ್ಟಿಯಾಗಿ, "ಸಾರ್, ನಮ್ಮ ಸೈಡಿಂದಲೂ ಓಕೆ." ಎಲ್ಲರೂ ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟರು. ಲೋಕದ ಸೈಡುಗಳೆಲ್ಲ ಓಕೆಯಾಗಿ ಉಳಿದವನು ನಾನೊಬ್ಬ. ನನಗೆ ಸೈಡೇ ಇರಲಿಲ್ಲ. ಬೀರುವಿನಿಂದ ಹಳೇ ರಿಜಿಸ್ಟರು, ಕಾರ್ಬನ್ ಹಾಳೆ ತೆಗೆದು ಲಾರಿಗಳನ್ನು ಕೈಬರಹದಲ್ಲೇ ಕಳಿಸಿದೆ. ಏಳರ ಮಗ್ಗಿಯಲ್ಲಿ ಎಡವಿದೆ, ಅದಿರಲಿ.

ಅವನ ಬೇರೆ ಗುಣಗಳೂ ಇವೆ. ಎರಡು ಗಂಟೆಯೊಳಗೆ ಮಧ್ಯಾಹ್ನದ ಊಟ ಮಾಡಿದ್ದನ್ನು ಯಾರೂ ಕಂಡಿಲ್ಲ. ಟಾರ್ಚ್ ಹಚ್ಚಿದ ಮೊಬೈಲನ್ನು ಹಲ್ಲಲ್ಲಿ ಕಚ್ಚಿಕೊಂಡೇ ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾನೆ. ಅರ್ಥವಾಗುವುದಿಲ್ಲ, ಟಾರ್ಚ್ ತೆಗೆದರೂ ಆಗುವುದಿಲ್ಲ. ತನಗಿಂತ ಮುಂಚೆ ಬಂದವನು ಎಳೆದ ವಯರನ್ನು ಹೊಗಳಿದ್ದಿಲ್ಲ. ಯಂತ್ರಗಳ ವಂಶಾವಳಿ ಮಾತ್ರ ಬಾಯಿಪಾಠ. 1996ರ ಪಾಮ್ ಪೈಲಟ್‌ಗೆ ಪುಟ್ಟ ಸ್ಟ್ಯಾಂಡ್ ಇತ್ತು, ಅದರ ಮೇಲೊಂದು ಗುಂಡಿ, ಒತ್ತಿದರೆ ಡೈರಿಯೆಲ್ಲ ಕಂಪ್ಯೂಟರಿಗೆ ಹೋಗುತ್ತಿತ್ತು ಎನ್ನುವಾಗ ಅವನ ಮುಖದಲ್ಲಿ ಕಳೆ ಬರುತ್ತದೆ. ಸಿಂಬಲ್ ಕಂಪನಿಯ ಗನ್‌ಗಳ ಮೇಲೆ ಅವನಿಗೆ ಜೀವ. ಆ ಕಂಪನಿಯನ್ನು 2007ರಲ್ಲಿ ಮೋಟೊರೋಲಾ ಕೊಂಡಿತು, 2014ರಲ್ಲಿ ಆ ವ್ಯವಹಾರ ಜೀಬ್ರಾದ ಕೈಗೆ ಬಂತು. "ಮಾಲು ಅದೇ ಸಾರ್, ಇನಿಷಿಯಲ್ ಬದಲಾಗ್ತಾ ಹೋಯ್ತು" ಅನ್ನುತ್ತಾನೆ. ಪಾಂಡವಪುರದ ಕಡೆಯವನು, ಡಿಪ್ಲೊಮಾ ಓದಿದವನು. ಮನೆಯಲ್ಲಿ ಹೆಣ್ಣು ನೋಡುತ್ತಿದ್ದರು. "ಬೆಂಗಳೂರಲ್ಲಿ ಕೆಲಸ ಅಂದ್ರೆ ಸಾಫ್ಟ್‌ವೇರಾ ಅಂತ ಕೇಳ್ತಾರೆ. ಹಾರ್ಡ್‌ವೇರು, ನೆಟ್‌ವರ್ಕಿಂಗು ಅಂದ್ರೆ ಆಮೇಲೆ ಹೇಳ್ತೀವಿ ಅಂತ ಫೋನ್ ಇಡ್ತಾರೆ. ಆ ಸೈಡಿಂದ ಮಾತ್ರ ಓಕೆ ಬರ್ತಿಲ್ಲ ಸಾರ್."

ಇದನ್ನು ಅವನು ಹೇಳಿದ್ದು ಕಾನ್ಫರೆನ್ಸ್ ಕಾಲ್ ನಡೆದ ಆ ರಾತ್ರಿಯೇ. ಉಳಿದವರೆಲ್ಲ ಮನೆಗೆ ಹೋಗಿದ್ದರು. ಸಿಮೆಂಟ್ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನಾನು ತರಿಸಿದ ಚಿತ್ರಾನ್ನವನ್ನು ಎಡಗೈಯಲ್ಲಿ ಹಿಡಿದುಕೊಂಡು ಅವನು ಕೊನೆಗೂ ನಂಬರ್ ಹಂಚುವವನ ಪಟ್ಟಿ ತೆರೆದ. ನಮ್ಮಲ್ಲಿ ಹಂಚಲು ಇದ್ದದ್ದು 100ರಿಂದ 149ರವರೆಗೆ, ಒಟ್ಟು 50 ನಂಬರು. ವೈಫೈಗೂ ವಯರಿಗೂ ಅದೇ ಪಟ್ಟಿ. ಗನ್‌ಗಳಿಗೆ ವೈಫೈಯಲ್ಲಿ ಹಳೇ ನಂಬರ್ ಇತ್ತು. ಡಾಕಿನಲ್ಲಿ ಕೂತರೆ ಬೇರೆಯದು ಬೇಕು. ಡಾಕ್ ಬರುವ ಹೊತ್ತಿಗೆ ಉಳಿದಿದ್ದು ಎರಡು, ಅವನ್ನು ಮೊದಲೆರಡು ಖಾನೆ ನುಂಗಿದ್ದವು. ಮಿಕ್ಕವು ಯಾರ ಹತ್ತಿರ? ಪಿಂಗಣ್ಣ ಪಟ್ಟಿಯನ್ನು ಕೆಳಗೆ ಎಳೆಯುತ್ತ ಹೋದ. ರೆಡ್‌ಮಿ, ವಿವೋ, ಒಪ್ಪೋ, ರಿಯಲ್‌ಮಿ, ಮತ್ತೆ ರೆಡ್‌ಮಿ. ಒಂದೂ ನಮ್ಮವರ ಮೊಬೈಲಲ್ಲ.

ಲಾರಿ ಡ್ರೈವರುಗಳದು. ಸರಕು ಇಳಿಸುವ ಸರದಿಗಾಗಿ ಅವರು ನಮ್ಮ ಅಂಗಳದಲ್ಲಿ ಒಮ್ಮೊಮ್ಮೆ ಇಡೀ ರಾತ್ರಿ ಕಾಯುತ್ತಾರೆ. ಇನ್ನೊಂದು ವಿಷಯವಿದೆ: ನೆಟ್‌ವರ್ಕ್ ಒಮ್ಮೆ ಕೊಟ್ಟ ನಂಬರನ್ನು ಮೊಬೈಲ್ ಎದ್ದು ಹೋದ ತಕ್ಷಣ ವಾಪಸ್ ಪಡೆಯುವುದಿಲ್ಲ, ಗಡುವು ಮುಗಿಯುವವರೆಗೆ ಕಾಯುತ್ತದೆ. ವಿಂಡೋಸ್ ಸರ್ವರಿನಲ್ಲಿ ಯಾರೂ ಕೈ ಹಾಕದಿದ್ದರೆ ಆ ಗಡುವು 8 ದಿನ. ಹೀಗಾಗಿ ಲಾರಿ ಹುಬ್ಬಳ್ಳಿ ದಾಟಿ ಕೊಲ್ಹಾಪುರ ಸೇರಿದರೂ ನಮ್ಮ ಗೋದಾಮಿನಲ್ಲಿ ಆ ಡ್ರೈವರನ ನಂಬರು, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಹಿಡಿದ ಸೀಟಿನ ಹಾಗೆ, ಯಾರಿಗೂ ದಕ್ಕದೆ ಬಿದ್ದಿತ್ತು.

"ವೈಫೈ ಪಾಸ್‌ವರ್ಡ್ ಇವರಿಗೆ ಕೊಟ್ಟವರು ಯಾರಯ್ಯ?" ಎಂದೆ.

ಪಿಂಗಣ್ಣ ಚಿತ್ರಾನ್ನದ ಕಡಲೆಬೀಜ ಆರಿಸುತ್ತ ಕೂತ. "ಒಬ್ಬ ನಾಮಕ್ಕಲ್ ಡ್ರೈವರು ಸಾರ್. ಮಗಳ ಬರ್ತ್‌ಡೇ, ವೀಡಿಯೊ ಕಾಲ್ ಮಾಡ್ಬೇಕು, ಡೇಟಾ ಖಾಲಿ ಅಂದ. ಪಾಪ ಅನ್ನಿಸ್ತು. ಅವನು ಇನ್ನೊಬ್ಬನಿಗೆ ಹೇಳಿದಾನೆ." ಇನ್ನೊಬ್ಬ ಮತ್ತೊಬ್ಬನಿಗೆ ಹೇಳಿದ್ದ, ಮತ್ತೊಬ್ಬ ಶ್ರಮ ಉಳಿಸಲು ಅಂಗಳದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಬಿಟ್ಟಿದ್ದ. ಪಿಂಗಣ್ಣ "ನಮ್ಮ ಸೈಡಿಂದ..." ಎಂದು ಶುರುಮಾಡಿದ. ಓಕೆ ಅನ್ನಲಿಲ್ಲ.

ಬೈಯಬೇಕೆಂದು ಬಾಯಿ ತೆರೆದವನು ನಾನು. ಕಿಟಕಿಯಾಚೆ ಒಬ್ಬ ಡ್ರೈವರು ಲಾರಿಯ ಮೆಟ್ಟಿಲ ಮೇಲೆ ಕೂತು ಮೊಬೈಲನ್ನು ಮುಖದೆದುರು ಹಿಡಿದು, ಅದರೊಳಗಿನ ಕೂಸಿಗೆ ನಾಲಿಗೆ ಚಾಚಿ ತೋರಿಸುತ್ತಿದ್ದ. ಬೈಗುಳ ಅರ್ಧಕ್ಕೆ ನಿಂತಿತು. "ಪಾಸ್‌ವರ್ಡ್ ಬದಲಾಯಿಸಿ ಬಿಸಾಕು" ಎಂದಷ್ಟೇ ಹೇಳಿದೆ. ಅವನು ಬದಲಾಯಿಸಿದ, ಬಿಸಾಕಲಿಲ್ಲ. ಡ್ರೈವರುಗಳಿಗೆಂದೇ ಇನ್ನೊಂದು ನೆಟ್‌ವರ್ಕ್ ಬೇರೆ ಮಾಡಿ, ಅಲ್ಲಿಂದ ನಮ್ಮ ಸರ್ವರಿಗೆ ದಾರಿ ಮುಚ್ಚಿ, ಗಡುವನ್ನು ಒಂದು ಗಂಟೆಗೆ ಇಳಿಸಿದ. ಡಾಕಿಗೆಂದು ಪ್ರತ್ಯೇಕ ನಂಬರುಗಳ ಸಾಲು ಮೀಸಲಿಟ್ಟ. ಬೆಳಗಾಗುವುದರೊಳಗೆ ನಾಲ್ಕೂ ಖಾನೆ ನೆಟ್‌ವರ್ಕ್ ಹಿಡಿದವು. ಹೊಸ ಪಾಸ್‌ವರ್ಡನ್ನು ತಾನೇ ಹೋಗಿ ಗೋಡೆಯ ಮೇಲೆ ಬರೆದು ಬಂದ.

ಇದೆಲ್ಲ ಹೇಗೆ ಮಾಡಿದ್ದು ಎಂದು ಒಂದು ಹಾಳೆಯಲ್ಲಿ ಬರೆದುಕೊಡು ಎಂದರೆ "ನಾನಿದ್ದೀನಲ್ಲ ಸಾರ್" ಅಂದ. ಆ ವರ್ಷದ ದೀಪಾವಳಿಗೆ ಮುಂಚೆ ಸಂಬಳ ಜಾಸ್ತಿ ಎಂದು ಹೊಸೂರಿನ ಕಡೆ ಹೊರಟುಹೋದ. ನೆಟ್‌ವರ್ಕ್ ಸ್ವಿಚ್ಚಿನ ಅಡ್ಮಿನ್ ಪಾಸ್‌ವರ್ಡ್ ಅವನ ತಲೆಯೊಳಗೇ ಹೋಯಿತು. ಅವನ ಜಾಗಕ್ಕೆ ಬಂದ ಹೊಸಬ ಮೊದಲ ದಿನ ವಯರುಗಳನ್ನು ನೋಡಿ "ಯಾರ್ ಸಾರ್ ಇದನ್ನ ಹೀಗೆ ಮಾಡಿರೋದು?" ಎಂದು ಕೇಳಿದ, ಮ್ಯಾನ್ಯುಯಲ್ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಈಗಲೂ ಡಾಕ್ ಮುನಿಸಿಕೊಂಡರೆ ನಾನು ಫೋನ್ ಮಾಡುವುದು ಪಿಂಗಣ್ಣನಿಗೇ. ಅಪರಾತ್ರಿಯಲ್ಲೂ ಎತ್ತುತ್ತಾನೆ, "ರೀಸ್ಟಾರ್ಟ್ ಮಾಡಿದ್ರಾ ಸಾರ್?" ಅನ್ನುತ್ತಾನೆ, ಸರಿ ಮಾಡಿಸುತ್ತಾನೆ. ಪಾಸ್‌ವರ್ಡ್ ಕೇಳಿದರೆ ಮಾತ್ರ "ವಾಟ್ಸಾಪ್ ಮಾಡ್ತೀನಿ" ಅನ್ನುತ್ತಾನೆ, ಮಾಡುವುದಿಲ್ಲ.

ನಿಮ್ಮ ಕಚೇರಿಗೂ ಇಂಥವನೊಬ್ಬ ಬಂದಿರುತ್ತಾನೆ, ಇಲ್ಲವೇ ನಾಳೆ ಬರುತ್ತಾನೆ. ಮೊದಲು ಅವನಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕಿಸಿ. ಗೊತ್ತಿರುವ ಕಡೆ ಒಳ್ಳೇ ಹೆಣ್ಣಿದ್ದರೆ ತಿಳಿಸಿ. ಆದರೆ ಅಡ್ಮಿನ್ ಪಾಸ್‌ವರ್ಡನ್ನು ದಪ್ಪ ಅಕ್ಷರದಲ್ಲಿ ಹಾಳೆಯ ಮೇಲೆ ಬರೆಸಿಕೊಂಡು, ನೀವೇ ಒಮ್ಮೆ ಹಾಕಿ ನೋಡಿ, ಆಮೇಲಷ್ಟೇ ಅವನ ಗೇಟ್ ಪಾಸಿಗೆ ಸಹಿ ಮಾಡಿ.