ಪ್ಲಾನ್ ಬಿ: ಟ್ರ್ಯಾಕ್ಟರ್

ಅಮೆರಿಕದಲ್ಲಿ ಚಂಡಮಾರುತ ಬೀಸಿದರೆ ಅಲ್ಲಿನ ಬ್ಯಾಂಕಿನ ವಹಿವಾಟು ಒಂದು ನಿಮಿಷವೂ ನಿಲ್ಲಬಾರದು. ಅದಕ್ಕೆ ಉಪಾಯ ಹೇಳಿಕೊಡುವವರು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿದ್ದಾರೆ. ಡಾಲರಿನಲ್ಲಿ ಬಿಲ್ ಹಾಕುತ್ತಾರೆ. ಬೆಳ್ಳಂದೂರಿನಲ್ಲಿ ಮಳೆ ಬಂದರೆ ಏನು ಮಾಡಬೇಕು? ಅದು ಅವರ ಪ್ರಾಜೆಕ್ಟ್ ಅಲ್ಲ.

2022ರ ಆಗಸ್ಟ್ 30ರ ಮಳೆಗೆ ಈ ರಸ್ತೆಯಲ್ಲಿ ನೌಕರರು ಐದು ಗಂಟೆಗೂ ಹೆಚ್ಚು ಹೊತ್ತು ಸಿಕ್ಕಿಬಿದ್ದರು. ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಒಂದು ದಿನಕ್ಕೆ 225 ಕೋಟಿ ರೂಪಾಯಿ ನಷ್ಟವಂತೆ. ಎಂಥ ಕರಾರುವಾಕ್ ಲೆಕ್ಕ! ಇಷ್ಟು ಲೆಕ್ಕ ಬಲ್ಲವರು ಕಟ್ಟಡದ ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಆ ಊರಿನ ಗ್ರಾಮ ನಕಾಶೆಯನ್ನು ಒಮ್ಮೆ ಬಿಡಿಸಿ ನೋಡಬಹುದಿತ್ತು. ಕೆರೆ ಎಲ್ಲಿತ್ತು, ರಾಜಕಾಲುವೆ ಎಲ್ಲಿ ಹರಿಯುತ್ತಿತ್ತು ಎಂದು ಅದರಲ್ಲಿ ಗೆರೆ ಎಳೆದೇ ಇರುತ್ತದೆ. ನೋಡಲಿಲ್ಲ. ಲಾಬಿಯ ಗ್ರಾನೈಟ್ ನೋಡಿದರು.

ವಾರ ಕಳೆಯುವುದರೊಳಗೆ ಮತ್ತೆ ಸುರಿಯಿತು. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳ ಹಾಲ್‌ನಲ್ಲಿ ಸೋಫಾ ತೇಲಿತು. ಅದೇ ಹೊತ್ತಿಗೆ ಮಳವಳ್ಳಿ ತಾಲ್ಲೂಕಿನ ಟಿ.ಕೆ. ಹಳ್ಳಿಯಲ್ಲಿ ಕಾವೇರಿ ನೀರೆತ್ತುವ ಪಂಪ್‌ಹೌಸಿಗೇ ನೀರು ನುಗ್ಗಿತು. ಸೊಂಟದ ಮಟ್ಟ ನೀರಲ್ಲಿ ನಿಂತ ಬೆಂಗಳೂರಿಗರ ನಲ್ಲಿಯಲ್ಲಿ ಹನಿ ನೀರಿಲ್ಲ. ಒಬ್ಬ ವಿಡಂಬನಕಾರ ಇದನ್ನು ಕಟ್ಟಿ ಬರೆದಿದ್ದರೆ ಅತಿಯಾಯಿತು ಎಂದು ಸಂಪಾದಕರು ಹೊಡೆದುಹಾಕುತ್ತಿದ್ದರು.

ಆಗ ಬಂದದ್ದು ಟ್ರ್ಯಾಕ್ಟರ್. ತಲೆಗೆ 50 ರೂಪಾಯಿ. ಲ್ಯಾಪ್‌ಟಾಪ್ ಬ್ಯಾಗನ್ನು ಮಗುವಿನಂತೆ ಅಪ್ಪಿಕೊಂಡು, ಪ್ಯಾಂಟು ಮಡಚಿ, ಟ್ರೇಲರಿನ ಕಬ್ಬಿಣದ ಅಂಚು ಹಿಡಿದು ಇಂಜಿನಿಯರುಗಳು ಆಫೀಸಿಗೆ ಹೋದರು. ಹೋಗಲೇಬೇಕಿತ್ತು. ಎಷ್ಟು ರಜೆ ಹಾಕುವುದು? ಅಪ್ರೈಸಲ್‌ನಲ್ಲಿ ಮಳೆಗೆ ಕಾಲಂ ಇಲ್ಲ. ಸಾವಿರ ಪುಟದ ತುರ್ತು ಯೋಜನೆಗಳು ಸರ್ವರಿನಲ್ಲಿ ಬೆಚ್ಚಗೆ ಮಲಗಿದ್ದಾಗ ವ್ಯವಹಾರ ನಿಲ್ಲದಂತೆ ನೋಡಿಕೊಂಡವನು ಡೀಸೆಲ್ ಹಾಕಿಸಿಕೊಂಡು ಬಂದ ಟ್ರ್ಯಾಕ್ಟರ್ ಡ್ರೈವರ್. ಅವನಿಗೆ ಯಾವ ಸರ್ಟಿಫಿಕೇಟೂ ಇರಲಿಲ್ಲ.

ಬೇಸ್‌ಮೆಂಟಿನಲ್ಲಿ ಮುಳುಗಿದ ಕಾರಿನ ಕಥೆ ಇನ್ನೂ ಚೆನ್ನಾಗಿದೆ. ಕಂತು ಇನ್ನೂ ಬಾಕಿ. ನೀರಿಳಿಯಿತಲ್ಲ ಎಂದು ಮಾಲೀಕ ಕೀಲಿ ತಿರುಗಿಸುತ್ತಾನೆ, ಇಂಜಿನ್ ಸತ್ತುಹೋಗುತ್ತದೆ. ವಿಮೆಯವರು ಬರುತ್ತಾರೆ. ನೀರು ಹೊಕ್ಕಿದ್ದು ಪ್ರಕೃತಿ ವಿಕೋಪ ಸ್ವಾಮಿ, ಸ್ಟಾರ್ಟ್ ಮಾಡಿದ್ದು ನಿಮ್ಮ ತಪ್ಪು. ಸಾಮಾನ್ಯ ಪಾಲಿಸಿಯಲ್ಲಿ ಇಂಜಿನ್ ಬರುವುದಿಲ್ಲ, ಅದಕ್ಕೆ ಬೇರೆ ದುಡ್ಡು ಕಟ್ಟಬೇಕಿತ್ತು. ಕಂಪನಿಯ ನಷ್ಟ ಮುಖ್ಯಮಂತ್ರಿಯ ಮೇಜಿಗೆ ಹೋಗುತ್ತದೆ. ಇವನ ನಷ್ಟ ಗ್ಯಾರೇಜಿಗೆ.

ಸರ್ಕಾರದ್ದು ಬೇರೆಯೇ ಶಿಸ್ತು. ಮುಳುಗಿದಾಗ ಅಧಿಕಾರದಲ್ಲಿದ್ದವರು ಹಿಂದಿನವರ ದುರಾಡಳಿತ ಎಂದರು. ಹಿಂದಿನವರು ಅಧಿಕಾರಕ್ಕೆ ಬಂದರು, 2024ರ ಅಕ್ಟೋಬರಿನಲ್ಲಿ ಮಾನ್ಯತಾ ಟೆಕ್ ಪಾರ್ಕ್ ಕೆರೆಯಾಯಿತು, ಈಗ ಪ್ರಕೃತಿಯನ್ನು ತಡೆಯಲಾದೀತೇ ಎಂದು ಕೇಳಿದರು. ಪ್ರಕೃತಿಯನ್ನು ಯಾರು ತಡೆಯಲು ಹೇಳಿದರು? ತಡೆದದ್ದೇ ರಗಳೆ. ಕೆರೆಯಿಂದ 75 ಮೀಟರ್ ದೂರ ಕಟ್ಟಿ ಎಂದು 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತ್ತು. ಮೇಲ್ಮನವಿ ಹೋಯಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು, ನಗರ ಯೋಜನೆಯ ಹಳೆಯ ಅಳತೆಯೇ ಉಳಿಯಿತು. ಕಾನೂನಿಗೆ ಅದು ಸರಿಯಿರಬಹುದು. ನೀರಿಗೆ ತೀರ್ಪಿನ ಪ್ರತಿ ಯಾರೂ ಕಳಿಸಿಲ್ಲ.

ಇನ್ನು ಬುಲ್ಡೋಜರ್. ಪ್ರವಾಹ ಬಂದ ವಾರ ಅದು ಟಿವಿಯಲ್ಲಿ ಗುಡುಗುತ್ತದೆ. ಕಾಂಪೌಂಡು, ಶೆಡ್ಡು, ಯಾರದೋ ಕಾರ್ ಪಾರ್ಕಿಂಗು ಧೂಳೀಪಟ. ದೊಡ್ಡ ಗೇಟಿನ ಮುಂದೆ ಬಂದಾಗ ಅದಕ್ಕೆ ಸರ್ವೆ ಬಾಕಿಯಿದೆ ಎಂದು ನೆನಪಾಗುತ್ತದೆ. ನಂತರ ತಡೆಯಾಜ್ಞೆ. ನಂತರ ಚಳಿಗಾಲ. ಚಳಿಗಾಲದಲ್ಲಿ ಒತ್ತುವರಿ ಕಾಣಿಸುವುದಿಲ್ಲ.

2025ರ ಮೇ 19ರ ಬೆಳಿಗ್ಗೆ ಮಹದೇವಪುರದಲ್ಲಿ ಮಳೆಗೆ ನೆನೆದ ಕಾಂಪೌಂಡ್ ಗೋಡೆ ಕುಸಿದು 35 ವರ್ಷದ ಹೆಂಗಸೊಬ್ಬರು ಸತ್ತರು. ಖಾಸಗಿ ಕಂಪನಿಯೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸ. ಮನೆಯಿಂದಲೇ ಕಸ ಗುಡಿಸಲು ಬರುವುದಿಲ್ಲವಲ್ಲ, ಬಂದಿದ್ದರು. 225 ಕೋಟಿಯ ಲೆಕ್ಕ ಹಾಕುವ ಎಕ್ಸೆಲ್ ಹಾಳೆಯಲ್ಲಿ ಇಂಥವರಿಗೆ ಸಾಲು ಇರುವುದಿಲ್ಲ. ಅವರು ಗುತ್ತಿಗೆಯವರು.

ಕಂಪನಿಗಳ ಕೊನೆಯ ಅಸ್ತ್ರ, ಬಿಟ್ಟು ಹೋಗುತ್ತೇವೆ ಎನ್ನುವುದು. 2025ರಲ್ಲಿ ಗುಂಡಿ, ಧೂಳು, ಟ್ರಾಫಿಕ್ ಸಾಕಾಗಿದೆ ಎಂದು ಒಂದು ಕಂಪನಿ ಹೊರವರ್ತುಲ ರಸ್ತೆ ಬಿಡುವುದಾಗಿ ಹೇಳಿದ್ದೇ ತಡ, ಆಂಧ್ರದ ಸಚಿವ ನಾರಾ ಲೋಕೇಶ್ ವಿಶಾಖಪಟ್ಟಣಕ್ಕೆ ಕರೆದರು. ಇಲ್ಲಿನವರು ಬೆದರಿಕೆಗೆಲ್ಲ ಜಗ್ಗುವುದಿಲ್ಲ ಎಂದು ಎದೆಯುಬ್ಬಿಸಿದರು. ಸರಿ. ಗುಂಡಿ?

ಈ ಸಲದ ಮಳೆಗಾಲಕ್ಕೂ ತಯಾರಿ ಜೋರಿದೆ. ವಾರಕ್ಕಿಷ್ಟು ದಿನ ಆಫೀಸಿಗೆ ಬರಲೇಬೇಕು, ಒಟ್ಟಿಗೆ ಕೂತರೇ ಸಂಸ್ಕೃತಿ ಬೆಳೆಯುವುದು ಎಂದು ವರ್ಷವಿಡೀ ಬೋಧಿಸುವ ಎಚ್‌ಆರ್, ಮೊದಲ ಮಳೆಗೆ ಸಂಸ್ಕೃತಿಯನ್ನು ಮಡಚಿಟ್ಟು ಮೇಲ್ ಕಳಿಸುತ್ತದೆ: ಸುರಕ್ಷಿತವಾಗಿರಿ, ಮನೆಯಿಂದಲೇ ಕೆಲಸ ಮಾಡಿ. ಮನೆಯಲ್ಲಿ ಕರೆಂಟಿಲ್ಲ, ಜನರೇಟರು ಬೇಸ್‌ಮೆಂಟಿನಲ್ಲಿ ಮುಳುಗಿದೆ. ಹತ್ತು ಗಂಟೆಗೆ ಮೀಟಿಂಗ್. ಕ್ಯಾಮೆರಾ ಆನ್ ಇರಲಿ.