ಘಟಪ್ರಭಾ ಜಲಸಂಚಾರ ಸಂಹಿತೆ: ಸೂತ್ರ, ವೃತ್ತಿ, ಪೂರ್ವಪಕ್ಷ ಸಹಿತ

ಯಾವ ಶಾಸ್ತ್ರವನ್ನೇ ಆಗಲಿ ಶುರು ಮಾಡುವ ಮುನ್ನ ಅದರ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಈ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೇಳುತ್ತೇವೆ. ವಿಷಯ: ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ನೀರಿನ ಮೇಲೆ ವಿಹಾರಕ್ಕೆ ಹೊರಟ ದೋಣಿಗಳ ಸಂಚಾರ ನಿಯಮ. ಪ್ರಯೋಜನ: ಎದುರುಬದುರು ಬಂದ ಎರಡು ದೋಣಿಗಳು ಡಿಕ್ಕಿಯಾಗದಿರುವುದು. ಸಂಬಂಧ: ನೀರಿಗೂ ಕಾನೂನಿಗೂ ಇರುವಂಥದ್ದು, ಅಂದರೆ ಆಗಾಗ. ಅಧಿಕಾರಿ: ಈಜು ಬಲ್ಲವನು. ‘ಎದುರುಬದುರು ಬರೂದಕ್ಕ ಎರಡು ದೋಣಿ ಎಲ್ಲ್ಯದಾವ್ರೀ?’ ಎಂದು ಇಲ್ಲಿಯೇ ಕೇಳುವವನನ್ನು ಶಾಸ್ತ್ರದಲ್ಲಿ ಪೂರ್ವಪಕ್ಷಿ ಎನ್ನುತ್ತಾರೆ. ಅವನಿಗೆ ಉತ್ತರ ಕೊಡುವುದು ಶಾಸ್ತ್ರಕಾರನ ಕೆಲಸವಲ್ಲ. ಮುಂದಿನ ಪ್ರಕರಣಕ್ಕೆ ತಳ್ಳುವುದು ಕೆಲಸ.

ಪ್ರಮಾಣ ಪ್ರಕರಣ

ನೀರು ಹರಿದರೆ ನದಿಯಾಗುತ್ತದೆ. ಜಲಮಾರ್ಗವಾಗಬೇಕಾದರೆ ಸಂಸತ್ತು ಬೇಕು. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ದೇಶದ 111 ಜಲಮಾರ್ಗಗಳಿಗೆ ನಂಬರು ಹಚ್ಚಿತು. ಗಂಗೆಗೆ 1, ಬ್ರಹ್ಮಪುತ್ರಕ್ಕೆ 2. ಹೊಸದಾಗಿ ಸೇರಿದವು ಇಂಗ್ಲಿಷ್ ಅಕ್ಷರಮಾಲೆಯ ಪಾಳಿಯಲ್ಲಿ ನಿಂತದ್ದರಿಂದ, 40ನೇ ನಂಬರಿನ ಘಾಘ್ರಾ, 42ನೇ ನಂಬರಿನ ಗೋಮತಿ ಇವರಿಬ್ಬರ ನಡುವೆ ನಮ್ಮ ಘಟಪ್ರಭೆಗೆ ಜಾಗ ಸಿಕ್ಕಿತು. ರಾಷ್ಟ್ರೀಯ ಜಲಮಾರ್ಗ 41, ಉದ್ದ 112 ಕಿಲೋಮೀಟರ್. ಮುಧೋಳದ ಎಮ್ಮೆಗಳು ಅಂದಿನಿಂದ ರಾಷ್ಟ್ರೀಯ ಮಾರ್ಗದಲ್ಲೇ ಮೈ ತೊಳೆದುಕೊಳ್ಳುತ್ತಿವೆ. ಅವುಗಳಿಗೆ ನೋಟಿಸು ಮುಟ್ಟಿದ ದಾಖಲೆ ಇಲ್ಲ.

ಕೃಷ್ಣೆಯದು ಇನ್ನೂ ದೊಡ್ಡ ಭಾಗ್ಯ. ಆಂಧ್ರದ ಕಡೆಯಿಂದ ಬರುವ 4ನೇ ರಾಷ್ಟ್ರೀಯ ಜಲಮಾರ್ಗವನ್ನು ಅದೇ ಕಾಯ್ದೆ ಎಳೆದು ಎಳೆದು ಬೀಳಗಿ ತಾಲ್ಲೂಕಿನ ಗಲಗಲಿಗೆ ತಂದು ಮುಟ್ಟಿಸಿತು. ಹಾಗಾಗಿ ಗಲಗಲಿಯ ಗೃಹಸ್ಥನೊಬ್ಬ ಸಂಜೆಯ ತಂಪಿಗೆಂದು ದೋಣಿ ಇಳಿಸಿದರೆ, ಕಾನೂನಿನ ಪ್ರಕಾರ, ವಿಜಯವಾಡದ ತನಕ ದಾರಿ ಮೋಕಳಿಕ. ನಡುವೆ ಆಲಮಟ್ಟಿ, ನಾರಾಯಣಪುರ, ಜುರಾಲಾ, ಶ್ರೀಶೈಲ, ನಾಗಾರ್ಜುನಸಾಗರ ಎಂಬ ಅಣೆಕಟ್ಟುಗಳಿವೆಯಲ್ಲ ಎಂಬುದು ಪೂರ್ವಪಕ್ಷ. ಸಮಾಧಾನ: ಅಲ್ಲಲ್ಲಿ ಇಳಿದು ದೋಣಿಯನ್ನು ತಲೆಯ ಮೇಲೆ ಹೊತ್ತು ಗುಡ್ಡ ಇಳಿಯತಕ್ಕದ್ದು. ಹರಗೋಲಾದರೆ ಬಿಸಿಲಿಗೆ ನೆರಳೂ ಆಯಿತು.

ಸೂತ್ರ 1: ಬಲಕ್ಕೆ ಸರಿ

ವೃತ್ತಿ: ದೋಣಿಗಳು ಡಿಕ್ಕಿಯಾಗದಂತೆ ಜಗತ್ತು ಒಪ್ಪಿಕೊಂಡ ನಿಯಮಾವಳಿ 1972ರದು. ಅದು ಹುಟ್ಟಿದ್ದು ಸಮುದ್ರಕ್ಕಾಗಿ. ಒಳನಾಡಿನ ನೀರಿನ ನಿಯಮಗಳೂ ಬಹುಮಟ್ಟಿಗೆ ಅದರ ಜಾಡಿನವೇ. ಕಿರಿದಾದ ದಾರಿಯಲ್ಲಿ ದೋಣಿ ತನ್ನ ಬಲಗಡೆಯ ಅಂಚು ಹಿಡಿಯಬೇಕು. ಮುಖಾಮುಖಿ ಬಂದರೆ ಇಬ್ಬರೂ ಬಲಕ್ಕೆ ತಿರುಗಬೇಕು. ನಮ್ಮ ರಸ್ತೆಯಲ್ಲಾದರೋ ನಿಯಮ ಎಡಕ್ಕೆ. ನೆಲದ ಮೇಲೆ ಎಡ, ನೀರಿನ ಮೇಲೆ ಬಲ ಎಂದರೆ ಜನ ಗೊಂದಲಕ್ಕೆ ಬೀಳರೇ? ಬೀಳರು. ಕಬ್ಬಿನ ಹಂಗಾಮಿನಲ್ಲಿ ಮುಧೋಳ-ಜಮಖಂಡಿ ರಸ್ತೆಗೆ ಬಂದು ನೋಡಿ: ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು, ಎರಡೂ ಮಗ್ಗುಲಿಗೆ ಚಾಚಿದ ಕಬ್ಬು, ಮೇಲೊಂದು ಜಾನಪದ ಹಾಡು, ನಟ್ಟನಡುವೆ ಪ್ರಯಾಣ. ಬುದ್ಧನ ತರುವಾಯ ಮಧ್ಯಮಮಾರ್ಗವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರು ಬೇರೆ ಯಾರೂ ಇಲ್ಲ. ಎಡವೂ ಬಲವೂ ಸಮಾನವಾಗಿ ಹೊಸದಾಗಿರುವ ಜನರಿಗೆ ಒಂದನ್ನು ಮರೆತು ಇನ್ನೊಂದನ್ನು ಕಲಿಯುವ ತ್ರಾಸವಿಲ್ಲ.

ಸೂತ್ರ 2: ಎಡಕ್ಕೆ ಕೆಂಪು, ಬಲಕ್ಕೆ ಹಸಿರು

ವೃತ್ತಿ: ರಾತ್ರಿ ಸಾಗುವ ದೋಣಿಯ ಎಡಮಗ್ಗುಲಿಗೆ ಕೆಂಪು ದೀಪ, ಬಲಮಗ್ಗುಲಿಗೆ ಹಸಿರು ದೀಪ ಇರತಕ್ಕದ್ದು. ಎದುರಿನವನು ಬಣ್ಣ ನೋಡಿ ದಿಕ್ಕು ತಿಳಿಯುತ್ತಾನೆ. ಇಲ್ಲಿ ಶಾಸ್ತ್ರಕ್ಕೆ ಸಂಕಟ ಬಂದದ್ದು ಹರಗೋಲಿನಿಂದ. ಬಿದಿರ ದಬ್ಬೆ ಹೆಣೆದು, ಹಿಂದೆ ಚರ್ಮ ಹೊದಿಸಿ, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುವ ಈ ವಾಹನ ದುಂಡಗಿದೆ. ಅದಕ್ಕೆ ಮುಖವಿಲ್ಲ, ಬೆನ್ನಿಲ್ಲ, ಎಡಬಲವೂ ಇಲ್ಲ. ಸುಳಿಗೆ ಸಿಕ್ಕಾಗ ಅದು ಏಕಕಾಲಕ್ಕೆ ಬರುತ್ತಲೂ ಹೋಗುತ್ತಲೂ ಇರುತ್ತದೆ. ದೀಪವನ್ನು ಅಂಬಿಗನ ಎರಡು ಭುಜಕ್ಕೆ ಕಟ್ಟಬೇಕೆಂದು ಜಮಖಂಡಿ ಸಂಪ್ರದಾಯ. ಬೀಡಿ ಹಚ್ಚಿದ್ದರೆ ಸಾಕೆಂದು ಬೀಳಗಿ ಪಾಠ.

ಬನಹಟ್ಟಿಯ ನೇಕಾರ ಪಂಥದ ವಾದ ಇವೆರಡಕ್ಕಿಂತ ಸೂಕ್ಷ್ಮ. ಮಗ್ಗದಲ್ಲಿ ಲಾಳಿ ಈ ದಂಡೆಯಿಂದ ಆ ದಂಡೆಗೆ ಹಗಲಿರುಳು ಓಡುತ್ತದೆ. ಅದಕ್ಕೆ ಯಾರೂ ದೀಪ ಕಟ್ಟಿಲ್ಲ, ಅದು ಯಾರಿಗೂ ಡಿಕ್ಕಿ ಹೊಡೆದಿಲ್ಲ. ಏಕೆಂದರೆ ಒಂದು ಮಗ್ಗಕ್ಕೆ ಒಂದೇ ಲಾಳಿ. ಅದರಂತೆ ಒಂದು ಹೊಳೆಗೆ ಒಂದೇ ದೋಣಿ ಎಂದು ಗೊತ್ತುಪಡಿಸಿದರೆ ಸಂಹಿತೆಯ ಉಳಿದೆಲ್ಲ ಸೂತ್ರಗಳನ್ನು ರದ್ದು ಮಾಡಬಹುದು. ವಾಸ್ತವ ಸ್ಥಿತಿಗೆ ಅತ್ಯಂತ ಹತ್ತಿರವಾದ ಮತ ಇದೇ ಆದ್ದರಿಂದ ಇದನ್ನು ಖಂಡಿಸುತ್ತೇವೆ.

ಸೂತ್ರ 3: ಸದ್ದು ಮಾಡದೆ ತಿರುಗಬೇಡ

ವೃತ್ತಿ: ಒಂದು ಕಿರುಸದ್ದು ಎಂದರೆ ಬಲಕ್ಕೆ ತಿರುಗಿದ್ದೇನೆ, ಎರಡೆಂದರೆ ಎಡಕ್ಕೆ, ಮೂರೆಂದರೆ ಎಂಜಿನ್ನು ಹಿಂದಕ್ಕೆ ನಡೆದಿದೆ, ಐದೆಂದರೆ ‘ನಿನ್ನ ವಿಚಾರ ಏನೈತಿ, ನನಗ ತಿಳೀವಲ್ದು’. ಇದಕ್ಕೆ ಆಧಾರ ಗ್ರಂಥ ನಮ್ಮ ಸೀಮೆಯದೇ. ಮುಧೋಳದ ನೆಲದ ರನ್ನ ಬರೆದ ಗದಾಯುದ್ಧವನ್ನು ಪಂಡಿತರು ವೀರರಸದ ಕಾವ್ಯವೆಂದು ಸಾವಿರ ವರ್ಷ ತಪ್ಪು ತಿಳಿದಿದ್ದಾರೆ. ಅದು ಅಪ್ಪಟ ಜಲಸಂಚಾರದ ಮೊಕದ್ದಮೆ. ಆರೋಪಿ ದುರ್ಯೋಧನ, ಭೀಷ್ಮರ ಸಲಹೆಯಂತೆ ವೈಶಂಪಾಯನ ಸರೋವರಕ್ಕೆ ಇಳಿದು, ದೀಪವಿಲ್ಲದೆ, ಪರವಾನಗಿಯಿಲ್ಲದೆ ನೀರಿನ ತಳದಲ್ಲಿ ಠಿಕಾಣಿ ಹೂಡಿದ. ದಂಡೆಗೆ ಬಂದ ಭೀಮ ಸದ್ದು ಮಾಡಿದ. ಆ ಸದ್ದಿಗೆ ಆರೋಪಿ ನೀರೊಳಗಿದ್ದೂ ಬೆವತದ್ದನ್ನು ರನ್ನ ದಾಖಲಿಸಿದ್ದಾನೆ. ಕಿರುಸದ್ದುಗಳನ್ನು ಅವನು ಎಣಿಸಿಲ್ಲ. ಐದಕ್ಕಿಂತ ಹೆಚ್ಚೇ ಇರಬೇಕು. ದಂಡವನ್ನು ತೊಡೆಯ ಮೇಲೆ ವಸೂಲು ಮಾಡಲಾಯಿತು. ಈಗಿನ ಕಾಲಕ್ಕೆ ಅಷ್ಟು ಕಠೋರತೆ ಸಲ್ಲ. ‘ಏ ಯಪ್ಪಾ, ಸರಿಯೋ ಅತ್ಲಾಗ!’ ಎಂಬ ಒಂದೇ ಕೂಗು ಒಂದರಿಂದ ಐದರವರೆಗಿನ ಎಲ್ಲ ಸದ್ದುಗಳ ಅರ್ಥವನ್ನೂ ಕೊಡುತ್ತದೆ.

ಸೂತ್ರ 4: ದೊಡ್ಡವರಿಗೆ ದಾರಿ ಬಿಡು

ವೃತ್ತಿ: ಎಂಜಿನ್ ದೋಣಿ ಹಾಯಿದೋಣಿಗೆ ದಾರಿ ಬಿಡಬೇಕು; ಹಾಯಿದೋಣಿ ಬಲೆ ಬೀಸಿದ ದೋಣಿಗೆ; ಇವೆಲ್ಲವೂ ಹಿಡಿತ ತಪ್ಪಿದ ದೋಣಿಗೆ. ಇದು ಪರದೇಶದ ಕ್ರಮ. ಕೃಷ್ಣೆಯಲ್ಲಿ ಮೊದಲ ಮರ್ಯಾದೆ ಮೊಸಳೆಗೆ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ, ಆ ಕಾಯ್ದೆಯೂ 1972ರದೇ. ದೋಣಿಗೆ ನಿಯಮ, ಮೊಸಳೆಗೆ ರಕ್ಷಣೆ ಒಂದೇ ವರ್ಷ ಹುಟ್ಟಿದವು. ದೋಣಿಯಲ್ಲಿ ಕೂತವನ ರಕ್ಷಣೆಯ ಮಾತು ಆ ವರ್ಷ ಬರಲಿಲ್ಲ. ಎರಡನೆಯ ಮರ್ಯಾದೆ ಎಮ್ಮೆಗೆ: ಹಾರ್ನ್ ಅದಕ್ಕೆ ಕೇಳುತ್ತದೆ, ಒಪ್ಪಿಗೆಯಾಗುವುದಿಲ್ಲ. ಮೂರನೆಯದು ದಂಡೆಯ ಪಂಪ್‌ಸೆಟ್ಟಿನಿಂದ ನೀರಿಗಿಳಿದ ಪೈಪಿಗೆ. ಅದರ ಮೇಲೆ ದೋಣಿ ಹಾಯಿಸಿದವನು ಕಬ್ಬಿನ ಗದ್ದೆಯವನ ಕೈಗೆ ಸಿಗುವುದಕ್ಕಿಂತ ಮೊಸಳೆಯ ಕೈಗೆ ಸಿಗುವುದು ಲೇಸು. ಹಿಂದಿಕ್ಕುವ ವಿಷಯದಲ್ಲಿ ವಿಶೇಷ ನಿಯಮ ಬೇಕಿಲ್ಲ. ದಂಡೆಯ ಮೇಲೆ ಓಡುವ ಮುಧೋಳ ನಾಯಿಯನ್ನು ಹಿಂದಿಕ್ಕುವ ದೋಣಿ ಈ ಭಾಗದಲ್ಲಿಲ್ಲ.

ಸೂತ್ರ 5: ನೀರಿದ್ದಲ್ಲಿ ದೋಣಿ, ಇಲ್ಲದಲ್ಲಿ ಚಕ್ಕಡಿ

ವೃತ್ತಿ: ವಿದೇಶದ ಕಾಲುವೆಗಳಲ್ಲಿ ದೋಣಿಯನ್ನು ಏರಿಸಿ ಇಳಿಸುವ ಲಾಕ್ ಗೇಟುಗಳಿವೆ. ನಮ್ಮ 41ನೇ ಜಲಮಾರ್ಗದಲ್ಲಿ ಸೇತುವೆಯೂ ಬಾಂದಾರವೂ ಒಂದೇ ಆದ ಬ್ಯಾರೇಜುಗಳಿವೆ. ಅವುಗಳ ಗೇಟು ಹಾಕುವುದು ನೀರು ನಿಲ್ಲಲೆಂದು, ತೆಗೆಯುವುದು ನೀರು ಹೋಗಲೆಂದು; ದೋಣಿಯನ್ನು ಮನಸ್ಸಿನಲ್ಲಿಟ್ಟು ಯಾರೂ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಹಿಡಕಲ್ ಜಲಾಶಯದಿಂದ ನೀರು ಬಿಡಿರೆಂದು ರೈತರು ಕೂಗುವಾಗ ಜಲಮಾರ್ಗದಲ್ಲಿ ಚಕ್ಕಡಿ ಹೋಗಬಹುದು. ಮಳೆಗಾಲದಲ್ಲಿ ಇದು ತಿರುವುಮುರುವು. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ತಾನೇ ವಿಹಾರಕ್ಕೆ ಹೊರಟು ಮುಧೋಳದ ಓಣಿಗಳಿಗೆ ಬಂದಳು. ಬಲಕ್ಕೂ ಸರಿಯಲಿಲ್ಲ, ಕಿರುಸದ್ದನ್ನೂ ಮಾಡಲಿಲ್ಲ. ಹೊಳೆ ಬಂದಾಗ ಮಾಚಕನೂರಿನ ಹೊಳೆಬಸವೇಶ್ವರನ ಗುಡಿ ನೀರೊಳಗೆ. ಆಲಮಟ್ಟಿ ತುಂಬಿದಾಗ ಘಟಪ್ರಭೆ ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮದ ಸಂಗಮೇಶ್ವರನೂ ನೀರೊಳಗೆ. ಓಣಿಯಲ್ಲಿ ತೇಲುವ ರಕ್ಷಣಾ ದೋಣಿ ರಸ್ತೆಯ ನಿಯಮದಂತೆ ಎಡಕ್ಕೆ ಹೋಗಬೇಕೋ ನೀರಿನ ನಿಯಮದಂತೆ ಬಲಕ್ಕೋ? ಇದು ಈ ಶಾಸ್ತ್ರದ ಅತ್ಯಂತ ಗಹನವಾದ ಪ್ರಶ್ನೆ. ಮಾಳಿಗೆ ಹತ್ತಿ ಕೂತವರು ಇದರ ಚರ್ಚೆಗೆ ಆಸಕ್ತಿ ತೋರಿಸಲಿಲ್ಲ.

ಸೂತ್ರ 6: ಹೆಸರು ಹಚ್ಚಿಸು

ವೃತ್ತಿ: 1917ರ ಕಾಯ್ದೆ ನೂರು ವರ್ಷ ದಾಟಿದ ಮೇಲೆ 2021ರ ಒಳನಾಡು ಹಡಗುಗಳ ಕಾಯ್ದೆ ಬಂದು, 7 ಜೂನ್ 2022ರಿಂದ ಜಾರಿಯಾಯಿತು. ಎಂಜಿನ್ ದೋಣಿಗೆ ನೋಂದಣಿ, ತಪಾಸಣೆ, ವಿಮೆ, ನಡೆಸುವವನಿಗೆ ಪ್ರಮಾಣಪತ್ರ ಎಲ್ಲವೂ ಅದರಲ್ಲಿವೆ. ಎಂಜಿನ್ ಇಲ್ಲದವನ್ನು ಸ್ಥಳೀಯ ಸಂಸ್ಥೆಗಳ ಮಡಿಲಿಗೆ ಹಾಕುವ ದಾರಿಯೂ ಇದೆ. ಅಂದರೆ ಮನಿಪಟ್ಟಿ, ನೀರಪಟ್ಟಿಗಳ ಪಕ್ಕದಲ್ಲಿ ಹರಗೋಲಪಟ್ಟಿ. ಈ ಸೂತ್ರದ ಮೇಲೆ ಹೊಳೆದಂಡೆಯಲ್ಲಿ ನಡೆಯುವ ವಾಕ್ಯಾರ್ಥ ಹೀಗಿದೆ:

‘ಅಣ್ಣಾ, ಲೈಫ್ ಜಾಕೀಟು ಐತೇನು?’

‘ನಾ ಅದೀನಲ್ಲೋ ತಮ್ಮಾ.’

‘ನೀ ಒಬ್ಬಾಂವ ಅದೀ, ನಾವು ಇಪ್ಪತ್ತು ಮಂದಿ, ಮ್ಯಾಲ ಎರಡು ಬೈಕು.’

‘ಬೈಕಿಗೂ ಜಾಕೀಟು ಬೇಕೇನು?’

ಸಿದ್ಧಾಂತ

ಈಗ ಪೂರ್ವಪಕ್ಷಿಯ ಮೊದಲ ಪ್ರಶ್ನೆಗೆ ಬರೋಣ. ದೋಣಿಗಳು ಇವೆ. ಆದರೆ ಜಲಮಾರ್ಗವಿರುವಲ್ಲಿ ಅಲ್ಲ. ರಾಷ್ಟ್ರದ ಜಲಮಾರ್ಗ ಗಲಗಲಿಗೆ ಬಂದು ನಿಂತುಬಿಡುತ್ತದೆ. ದೋಣಿಯಿಲ್ಲದೆ ನಡೆಯದ ಬದುಕು ಇರುವುದು ಅದರ ಮೇಲಿನ ಹೊಳೆಯಲ್ಲಿ. ರಬಕವಿಯ ದಂಡೆಯಿಂದ ಅಥಣಿ ಸೀಮೆಯ ಮಹಿಷವಾಡಗಿಗೆ ಸೇತುವೆಯ ದಾರಿ ಕಾಯುತ್ತ ವರ್ಷಗಟ್ಟಲೆ ದೋಣಿಯಲ್ಲೇ ಜನ ದಾಟಿದ್ದಾರೆ, ಬೈಕೂ ದಾಟಿಸಿದ್ದಾರೆ. ಜಮಖಂಡಿ ತಾಲ್ಲೂಕಿನ ಕಂಕಣವಾಡಿಯ ಗುಹೇಶ್ವರ ಗಡ್ಡೆಯವರಿಗೆ ಸಂತೆಗೂ ಶಾಲೆಗೂ ದೋಣಿಯೇ ಗತಿ. ಇವರ ಪ್ರಯಾಣವನ್ನು ವಿಹಾರವೆಂದು ಕರೆಯುವ ಧೈರ್ಯ ಶಾಸ್ತ್ರಕಾರನಿಗಿಲ್ಲ. ನಂಬರು ಸಿಕ್ಕ ನೀರಿಗೆ ದೋಣಿಯಿಲ್ಲ, ದೋಣಿಯಿದ್ದ ನೀರಿಗೆ ನಂಬರಿಲ್ಲ.

ನಂಬರಿಗೆ ಕಾಯದೆ ಕೆಲಸ ಮಾಡಿದ ಪೂರ್ವಾಚಾರ್ಯರು ಇದೇ ಮೇಲಿನ ಹೊಳೆಯಲ್ಲಿದ್ದಾರೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ದುಡ್ಡು ಕೂಡಿಸಿ, ಮೈಮುರಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದರ ಹೆಸರು ಶ್ರಮಬಿಂದು ಸಾಗರ. ಅಲ್ಲಿ ಮೊದಲು ಕೆಲಸವಾಯಿತು, ಹೆಸರು ಆಮೇಲೆ ಬಂತು. 41ನೇ ಜಲಮಾರ್ಗದಲ್ಲಿ ಹೆಸರು ಮೊದಲು ಬಂದಿದೆ.

ಫಲಶ್ರುತಿ

ಈ ಸಂಹಿತೆಯನ್ನು ನಿತ್ಯವೂ ಪಠಿಸುವವನಿಗೆ ದೋಣಿ ಸಿಗುವುದಿಲ್ಲ. ದೋಣಿ ಇದ್ದವನಿಗೆ ಪಠಿಸಲು ಪುರಸೊತ್ತಿಲ್ಲ. ಇಬ್ಬರಿಗೂ ಸಲ್ಲುವ ಮಾತು ಇಷ್ಟೇ. ಹೊಳೆ ತುಂಬಿ ಬಂದ ದಿನ ದೋಣಿ ಹತ್ತಬೇಡಿ. ಉಳಿದ ದಿನ ಹತ್ತುವ ಮುನ್ನ ತಲೆ ಎಣಿಸಿ, ಜಾಕೆಟ್ ಎಣಿಸಿ. ಎರಡು ಲೆಕ್ಕವೂ ಕೂಡದಿದ್ದರೆ ದಂಡೆಯಲ್ಲೇ ನಿಲ್ಲಿ. ಮುಂದಿನ ಗ್ರಾಮಸಭೆಯಲ್ಲಿ ಹರಗೋಲಿನ ಪಟ್ಟಿ ಕೇಳುವ ಮೊದಲು ಲೈಫ್ ಜಾಕೆಟ್ಟಿನ ಪಟ್ಟಿ ಕೇಳಿ.